ಎರಡು ಡಬ್ಬ

ನಮೀಬಿಯದ ತೆಂಕಣ ತುದಿ, ಬೆಥನಿಯ ಶಾಲೆ.
ನೆರಳೆಂದರೆ ನೀರಿನ ಟ್ಯಾಂಕಿನದು ಮಾತ್ರ.
ಮೂರನೆಯ ತರಗತಿಯ ಕಿಟಕಿಯಲ್ಲಿ
ಹಾಲುಪುಡಿಯ ಎರಡು ಖಾಲಿ ಡಬ್ಬ.
ಸೀಮೆಸುಣ್ಣದಲ್ಲಿ ಒಂದರ ಮೇಲೆ: ಜೀವ ಇದೆ.
ಇನ್ನೊಂದರ ಮೇಲೆ: ಇಲ್ಲ.

ಟೀಚರ ಹೆಸರು ಗೋಲಿಯತ್,
ಎತ್ತರ ಕಪ್ಪುಹಲಗೆಯ ಅರ್ಧ.
ಹುಡುಕಿ ತನ್ನಿ, ಅಂದರು. ತಂದರು:
ಜೀರುಂಡೆ, ಬೋಲ್ಟು, ಕಲ್ಲಂಗಡಿ ಬೀಜ, ಮೇಕೆಯ ಕೊಂಬು,
ಇನ್ನೂ ಮಿಡುಕುತ್ತಿದ್ದ ಹಲ್ಲಿಯ ಬಾಲ,
ಒಂದು ಬ್ಯಾಟರಿ. ನಿನ್ನೆ ಬದುಕಿತ್ತು, ಮಿಸ್.
ಕೊಂಬಿನ ಮೇಲೆ ಹತ್ತು ನಿಮಿಷ ಜಗಳ.
ಅಷ್ಟರಲ್ಲಿ ಬಾಲ ತನ್ನ ತೀರ್ಮಾನ
ತಾನೇ ಮಾಡಿಕೊಂಡು ಸುಮ್ಮನಾಯಿತು.

ಟೀಚರು ಹಲಗೆಗೆ ತಿರುಗಿದರು:
ತಿನ್ನುತ್ತದೆ. ಉಸಿರಾಡುತ್ತದೆ. ಬೆಳೆಯುತ್ತದೆ. ಮರಿ ಹಾಕುತ್ತದೆ.
ಹಿಸ್ಕಿಯ ಕೈ ಎತ್ತಿದ:
ನಮ್ಮ ಮಾವನ ಪಿಕಪ್ಪು ಡೀಸೆಲ್ ಕುಡೀತಿತ್ತು,
ಹೊಗೆ ಬಿಡ್ತಿತ್ತು,
ಚಳಿಗಾಲದ ಬೆಳಿಗ್ಗೆ ಎಬ್ಬಿಸಿದರೆ ಕೆಮ್ಮುತ್ತಿತ್ತು.
ಮರಿ?
ಹಿಂಭಾಗ ಕೊಯ್ದು ಕತ್ತೆಗಾಡಿ ಹೊರಗೆ ತೆಗೆದರು, ಮಿಸ್.
ಒಂದೇ ಹೆರಿಗೆ. ತಾಯಿ ಉಳಿಯಲಿಲ್ಲ.

ಕೊನೆಯ ಬೆಂಚಿನ ಓತೀಲಿಯ
ಆಗ ಮುಷ್ಟಿ ಬಿಚ್ಚಿದಳು.
ಕಂದುಬೂದಿ ಬಣ್ಣದ ಹರಳು, ನಡುವೆ ಒಂದು ಸೀಳು,
ಮೇಕೆ ಮೇಯಿಸುವ ಗುಡ್ಡದಲ್ಲಿ
ಇಂಥ ಸಾವಿರ ಕಲ್ಲುಗಳ ನಡುವೆ ಸಿಕ್ಕಿದ್ದು.
ಯಾವ ಡಬ್ಬಕ್ಕಮ್ಮ?
ಗೊತ್ತಿಲ್ಲ ಮಿಸ್,
ಎತ್ತುವಾಗ ಸ್ವಲ್ಪ ಹಿಡಿದುಕೊಂಡಿತ್ತು.

ತರಗತಿ ಗೊಳ್ಳೆಂದಿತು.
ಟೀಚರು ಅಂಗೈಯಲ್ಲಿ ತೂಗಿ ನೋಡಿ,
ಅಡಿಗೆ ಅಂಟಿದ್ದ ಎಳೆಯನ್ನು ಕಸವೆಂದು ಒರೆಸಿ,
ಇಲ್ಲ ಎಂಬ ಡಬ್ಬಕ್ಕೆ ಹಾಕಿದರು.
ಟಣ್ ಎನ್ನಬೇಕಿತ್ತು. ದಪ್ ಎಂದಿತು.
ಅಷ್ಟರಲ್ಲಿ ಗಂಟೆ ಹೊಡೆಯಿತು.

ಇದನ್ನು ಕನ್ನಡದಲ್ಲಿ ಹೇಳುವ ನನ್ನ ಪಾಡು ಬೇರೆ.
ಅವರ ನಾಮಾ ನುಡಿಯಲ್ಲಿ
ಕಲ್ಲಿಗೂ ಗಂಡು ಹೆಣ್ಣು ಉಂಟಂತೆ.
ನಮ್ಮಲ್ಲಿ ಕಲ್ಲು ಬಿತ್ತು, ಕರು ಬಿತ್ತು,
ತಪ್ಪು ಹೆಜ್ಜೆ ಇಡುವ ಮಗುವೂ ಬಿತ್ತು.
ಅದು, ಅದು, ಅದು.
ಒಂದೇ ಡಬ್ಬ ಮುಂದಿಟ್ಟುಕೊಂಡು ಕೂತಿದೆ ನಮ್ಮ ವ್ಯಾಕರಣ.
ಮಗು ಮಾತ್ರ ಒಂದು ದಿನ ಅದರೊಳಗಿಂದ ಎದ್ದು
ಅವನೋ ಅವಳೋ ಆಗಿ ಊರೆಲ್ಲ ಸುತ್ತಿ,
ಕತ್ತಲಾದಾಗ ಹೆಣ ಎಂಬ ಹೆಸರು ಹೊತ್ತು
ಮತ್ತೆ ಅದಕ್ಕೇ ಬರುತ್ತದೆ.
ಬರುತ್ತದೆ, ನೋಡಿ. ಆಗಲೇ ಬಾಯಿ ತಿರುಗಿತು.

ಏಪ್ರಿಲ್ ಕೊನೆಗೆ ರಜೆ, ಮೂರು ವಾರ.
ಮುಚ್ಚಿದ ಕಿಟಕಿ. ಗಾಜಿಗೆ ಬಿಸಿಲು.
ಹನಿ ನೀರು ಹಾಕಿದವರಿಲ್ಲ.

ಬಾಗಿಲು ತೆರೆದಾಗ
ಇದೆ ಎಂಬ ಡಬ್ಬದಲ್ಲಿ ಜೀರುಂಡೆಯ ಚಿಪ್ಪು ಅಂಗಾತ,
ಒಳಗಿನದನ್ನು ಇರುವೆಗಳು ಸಾಲುಗಟ್ಟಿ ಸಾಗಿಸಿದ್ದವು.
ಕಲ್ಲಂಗಡಿ ಬೀಜ ಏನನ್ನೂ ಒಪ್ಪಿಕೊಂಡಿರಲಿಲ್ಲ.
ಇಲ್ಲ ಎಂಬ ಡಬ್ಬದಲ್ಲಿ,
ಬೋಲ್ಟಿಗೂ ಕೊಂಬಿಗೂ ನಡುವೆ,
ಸೀಳು ಬಿಚ್ಚಿ
ಒಂದು ಡಾಲರ್ ನಾಣ್ಯದಷ್ಟಗಲ ಹಳದಿ ಹೂ.

ಗೋಲಿಯತ್ ಟೀಚರು ಬಹಳ ಹೊತ್ತು ನಿಂತರು.
ಹೆಬ್ಬೆರಳಿಗೆ ಉಗುಳು ಸವರಿ
ಡಬ್ಬದ ಮೇಲಿನ ಅಕ್ಷರ ಉಜ್ಜಿದರು.
ಅರ್ಧ ಹೋಯಿತು.

ಓತೀಲಿಯ ಹೂ ನೋಡಲಿಲ್ಲ.
ಕಲ್ಲನ್ನು ತಿರುವಿ ಕೆಳಗೆ ನೋಡಿದಳು,
ಒರೆಸಿದ ಜಾಗದಲ್ಲಿ
ಕೂದಲಿನಂಥ ಇನ್ನೊಂದು ಎಳೆ ಹುಡುಕುತ್ತಾ.
ಸಂಜೆ ಅದನ್ನು ಗುಡ್ಡಕ್ಕೆ ಒಯ್ದಳು.
ಎತ್ತಿದ ಗುಳಿ ಮರಳಲ್ಲಿ ಮುಚ್ಚಿತ್ತು,
ಸಾವಿರ ಕಲ್ಲುಗಳು, ಯಾವುದೂ ಬಾಯಿ ಬಿಡಲಿಲ್ಲ.

ಮರುದಿನ ಟೀಚರು ಡಬ್ಬ ಚೆಲ್ಲಲು ಹೊರಟಾಗ
ಹಿಸ್ಕಿಯ ಅಡ್ಡ ನಿಂತ:
ತಡೀರಿ ಮಿಸ್, ಬ್ಯಾಟರಿ ನೋಡಿ,
ತುದಿಯಲ್ಲಿ ಬೆಳ್ಳಗೆ ಏನೋ ಮೊಳೀತಿದೆ.
ಇನ್ನೊಂದು ರಜೆ ನೋಡೋಣ.

ಡಬ್ಬ ಅಲ್ಲೇ ಇದೆ.